ತಟ್ಟೆ ಇಟ್ಟ ಮೇಲೆ ಹತ್ತು ನಿಮಿಷ

ಬೀದಿ ಬೆಕ್ಕಿಗೆ ಒಂದು ತುತ್ತು ಹಾಕುವವರಿಗೆ ನಮ್ಮ ಬಡಾವಣೆಗಳಲ್ಲಿ ಬರವಿಲ್ಲ. ರಾತ್ರಿ ಊಟ ಮುಗಿದ ಮೇಲೆ ಮಿಕ್ಕಿದ ಮೊಸರನ್ನವನ್ನು ಗೇಟಿನ ಪಕ್ಕ ಇಟ್ಟು, ಚಿಲಕ ಹಾಕಿಕೊಂಡು ಒಳಗೆ ಹೋಗುತ್ತಾರೆ. ಬೆಳಗ್ಗೆ ನೋಡಿದರೆ ತಟ್ಟೆ ಖಾಲಿ. ಬೆಕ್ಕು ತಿಂದಿತೋ, ನಾಯಿ ತಿಂದಿತೋ, ಹೆಗ್ಗಣ ತಿಂದಿತೋ ಯಾರಿಗೂ ಗೊತ್ತಿಲ್ಲ. ಆ ಕರುಣೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಿಜವಾಗಿ ನೆರವಾಗಬೇಕು ಅನ್ನುವವರು ಊಟ ಹಾಕಿ ಅಲ್ಲೇ ನಿಲ್ಲಬೇಕು. ದಿನವೂ ಅದೇ ಹೊತ್ತು, ಅದೇ ಜಾಗ, ತಿಂದು ಮುಗಿಸುವವರೆಗೆ ಒಂದು ಹತ್ತು ನಿಮಿಷ. ಮುಂದೆ ಮಾಡುವುದೆಲ್ಲ ಆ ಹತ್ತು ನಿಮಿಷದಲ್ಲಿ ಕಂಡದ್ದರ ಮೇಲೆ ನಿಂತಿದೆ.

ತಟ್ಟೆಯಲ್ಲಿ ಏನಿರಬೇಕು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಬಿಸಿ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದ ಕಥೆ ನಮಗೆಲ್ಲ ಗೊತ್ತು. ಆ ಬೆಕ್ಕಿಗೆ ಒಳ್ಳೆಯದೇ ಆಯಿತು ಅನ್ನಬೇಕು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಮೊಸರನ್ನದಿಂದ ಹೊಟ್ಟೆ ತುಂಬಬಹುದು, ಮೈಗೆ ಏನೂ ಹತ್ತುವುದಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು, ಅದು ಸಿಗುವುದು ಮಾಂಸ ಮೀನುಗಳಲ್ಲಿ. ಟಾರಿನ್ ಇಲ್ಲದೆ ಹೋದರೆ ಬೆಕ್ಕಿನ ಕಣ್ಣು ಹೋಗುತ್ತದೆ ಎಂಬುದು ಮೊದಲೇ ತಿಳಿದಿತ್ತು. ಹೃದಯವೂ ಹಿಗ್ಗಿ ಸೋಲುತ್ತದೆ ಎಂದು ಕ್ಯಾಲಿಫೋರ್ನಿಯಾದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ನಾಯಿ ಬಿಸ್ಕತ್ತೂ ಇದಕ್ಕೆ ಬದಲಾಗದು. ಮಾಂಸ ಮುಟ್ಟದ ಮನೆಯವರು ಬೆಕ್ಕಿನದೇ ಒಣ ಆಹಾರ ತಂದಿಟ್ಟುಕೊಂಡರೆ ಆಯಿತು. ಉಳಿದವರು ಬೇಯಿಸಿದ ಕೋಳಿ ಅಥವಾ ಮೀನನ್ನು ಮುಳ್ಳು, ಮೂಳೆ ತೆಗೆದು ಕೊಡಬಹುದು. ಅದರಲ್ಲಿ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇರಕೂಡದು. ಪಕ್ಕದಲ್ಲಿ ಒಂದು ಬೋಗುಣಿ ನೀರು. ತಿಂದಾದ ಮೇಲೆ ತಟ್ಟೆ ಎತ್ತಿ, ನೆಲ ಒರೆಸಿ. ನೆರೆಮನೆಯವರ ಜಗಳ ಅರ್ಧಕ್ಕರ್ಧ ಅಲ್ಲೇ ಮುಗಿಯುತ್ತದೆ.

ಇನ್ನು ನೋಡುವ ಕೆಲಸ. ಇದರ ಸೊಗಸೆಲ್ಲ ಇಲ್ಲಿದೆ. ಮೊದಲ ಕೆಲವು ಸಂಜೆ ಎಲ್ಲ ಬೆಕ್ಕೂ ಒಂದೇ ಥರ ಕಾಣುತ್ತವೆ. ಆಮೇಲೆ ಒಂದೊಂದೇ ಬೇರೆಯಾಗತೊಡಗುತ್ತದೆ. ದಪ್ಪ ಕೆನ್ನೆ, ಗಾಯದ ಮೂಗು, ಹರಿದ ಕಿವಿ ಇದ್ದರೆ ಅದು ಗಡವ, ಬೀದಿಯನ್ನು ಆಳಿ ಬಂದಿರುವುದು. ಕಪ್ಪು, ಕೆಂಪು, ಬಿಳಿ ಮೂರೂ ಬಣ್ಣ ಒಂದೇ ಮೈಮೇಲಿದ್ದರೆ ಕಣ್ಣು ಮುಚ್ಚಿಕೊಂಡು ಹೆಣ್ಣು ಎಂದುಬಿಡಬಹುದು. ಕೆಂಪು ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ; ಕೆಂಪು, ಕಪ್ಪು ಎರಡೂ ಬರಬೇಕಾದರೆ ಎರಡು ಎಕ್ಸ್ ಬೇಕು, ಅದು ಇರುವುದು ಹೆಣ್ಣಿಗೆ. ಒಂದೇ ಎಕ್ಸ್ ಇರುವ ಗಂಡು ಇಡೀ ಕೆಂಚನಾಗುತ್ತದೆ, ಇಲ್ಲವೇ ಕೆಂಪು ಅದರ ಹತ್ತಿರವೂ ಸುಳಿಯುವುದಿಲ್ಲ. ಆ ಜೀನ್ ಯಾವುದು ಎಂದು ಸ್ಟ್ಯಾನ್‌ಫರ್ಡಿನ ಒಂದು ತಂಡ ಮತ್ತು ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಇನ್ನೊಂದು ತಂಡ ಕಂಡುಕೊಂಡು, 2025ರಲ್ಲಿ ಪ್ರಕಟಿಸಿದವು. ನಮ್ಮ ಬೀದಿಯ ಕೆಂಚನ ಗುಟ್ಟು ತಿಳಿಯುವುದಕ್ಕೆ ಅಷ್ಟು ಕಾಲ ಹಿಡಿಯಿತು ಎಂದರೆ ನನಗೆ ಇಂದಿಗೂ ಬೆರಗು.

ಕತ್ತು ವಾರೆ ಮಾಡಿ ಒಂದೇ ದವಡೆಯಲ್ಲಿ ತಿನ್ನುವ, ಜೊಲ್ಲು ಸುರಿಸುವ ಬೆಕ್ಕಿಗೆ ಬಾಯಿಹುಣ್ಣು ಇರಬಹುದು. ಊಟಕ್ಕೆ ಬಂದೂ ತಟ್ಟೆ ಮೂಸಿ ಹಿಂದೆ ಸರಿದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣುಬೆಕ್ಕಿನ ಹೊಟ್ಟೆ ನೋಡಿ. ಮೊಲೆತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬಿದ್ದು, ಸುತ್ತಲಿನ ಕೂದಲು ಸವೆದಿದ್ದರೆ ಎಲ್ಲೋ ಮರಿಗಳು ಕಾಯುತ್ತಿವೆ. ಅಂಥದ್ದನ್ನು ಅವತ್ತು ಹಿಡಿಯಕೂಡದು.

ಹಿಡಿಯುವುದು ಯಾಕೆ? ಮರಿಯಾಗದಂತೆ ಆಪರೇಷನ್ ಮಾಡಿಸುವುದಕ್ಕೆ. ಬೆಕ್ಕಿನ ಬಸಿರು ಒಂಬತ್ತೇ ವಾರ. ನಾಲ್ಕೈದು ತಿಂಗಳ ಮರಿಯೇ ಬೆದೆಗೆ ಬರಬಲ್ಲದು, ಹಾಲೂಡುವ ತಾಯಿ ಮರಿಗಳನ್ನು ಬಿಡಿಸುವ ಮೊದಲೇ ಮತ್ತೆ ಬಸಿರಾಗಬಲ್ಲದು. ನಾವು ಹಾಕುವ ಊಟ ಆ ಸುತ್ತಿಗೆ ಇನ್ನಷ್ಟು ಬಲ ಕೊಡುತ್ತದೆ. ಹುಟ್ಟಿದ ಮರಿಗಳಲ್ಲಿ ಎಷ್ಟೋ ವೈರಸ್ ಭೇದಿಗೆ, ನಾಯಿಯ ಬಾಯಿಗೆ, ಕಾರಿನ ಚಕ್ರಕ್ಕೆ ಹೋಗುತ್ತವೆ. ಆಪರೇಷನ್ ಮಾಡಿಸದೆ ಊಟವನ್ನಷ್ಟೇ ಹಾಕುತ್ತ ಹೋಗುವುದು ಆ ಸಾವುಗಳನ್ನು ಹೆಚ್ಚಿಸುತ್ತದೆ. ಇದನ್ನು ನಾನು ಎಷ್ಟು ಪ್ರೀತಿಯಿಂದ ಊಟ ಹಾಕುವವರಿಗಾದರೂ ಹೇಳುತ್ತೇನೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಹೆಣ್ಣುಗಳಿಂದ ಶುರು ಮಾಡಿ.

ನಾನಿರುವುದು ಬಸವನಗುಡಿಯಲ್ಲಿ. 1898ರ ಪ್ಲೇಗಿನ ಸುಮಾರಿಗೆ ಬೆಳೆದ ಬಡಾವಣೆ ಇದು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳಿವೆ. ಇಲಿಗಳಿಗೆ ಹೆದರಿದ ಕಾಲದ ಆ ಓಣಿಗಳು ಈಗ ಬೆಕ್ಕುಗಳ ಹೆದ್ದಾರಿ. ಅಲ್ಲೊಂದು ಮೂರು ಬಣ್ಣದ ಹೆಣ್ಣಿತ್ತು, ಮೂಲೆಯಲ್ಲಿ ಹೂ ಕಟ್ಟುವ ಅಮ್ಮ ಅದನ್ನು ಬಣ್ಣದಮ್ಮ ಎಂದು ಕರೆಯುತ್ತಿದ್ದರು. ಅದರ ಮರಿಗಳು ಹಾಲು ಬಿಟ್ಟ ಮೇಲೆ ಬೋನು ಇಟ್ಟೆ. ಮೊದಲ ಕೆಲವು ದಿನ ಬಾಗಿಲನ್ನು ದಾರದಿಂದ ಎತ್ತಿ ಕಟ್ಟಿ, ಊಟದ ತಟ್ಟೆಯನ್ನು ದಿನಕ್ಕೊಂದಿಷ್ಟು ಒಳಗೆ ಸರಿಸುತ್ತ ಬಂದೆ. ತಂತಿ ಕಾಲಿಗೆ ತಾಗದಂತೆ ತಳಕ್ಕೆ ಹಳೇ ಪೇಪರ್ ಹಾಸಿದ್ದೆ. ಹಿಡಿಯುವ ಹಿಂದಿನ ಸಂಜೆ ಊಟ ತಪ್ಪಿಸಿದೆ. ಹಸಿವೂ ಇರಬೇಕು, ಅರಿವಳಿಕೆಗೆ ಹೊಟ್ಟೆ ಖಾಲಿಯೂ ಇರಬೇಕು. ಬೆಳಗ್ಗೆ ದಾರ ಬಿಚ್ಚಿ, ಕಾಲಿಟ್ಟರೆ ಬಾಗಿಲು ಬೀಳಿಸುವ ಅದುಮು ಪಟ್ಟಿಯ ಆಚೆ ಒಂದು ಚೂರು ಮತ್ತಿ ಮೀನು ಇಟ್ಟು, ದೂರ ನಿಂತೆ. ಬಣ್ಣದಮ್ಮ ಬಂತು, ಬೋನಿನ ಸುತ್ತ ಒಂದು ಸುತ್ತು ಹಾಕಿತು, ಮುಂಗಾಲಿಟ್ಟು ಹಿಂದೆ ತೆಗೆಯಿತು, ಕುಳಿತು ಎದೆ ನೆಕ್ಕಿಕೊಂಡಿತು. ಆಮೇಲೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಒಳಗೆ ಸರಿಯಿತು. ಬಾಗಿಲು ಬಿದ್ದ ಸದ್ದಿಗೆ ಒಂದು ಸಲ ನೆಗೆಯಿತು. ಓಡಿಹೋಗಿ ದಪ್ಪ ಬೆಡ್‌ಶೀಟ್ ಹೊದಿಸಿದೆ. ಕತ್ತಲಾದೊಡನೆ ಬೆಕ್ಕು ತಣ್ಣಗಾಗುತ್ತದೆ, ಈ ಬಟ್ಟೆಯೊಂದನ್ನು ಮರೆಯಕೂಡದು.

“ಹಿಡ್ಕೊಂಡೋಗಿ ಏನ್ ಮಾಡ್ತೀರ ಸಾರ್?” ಎಂದರು ಹೂವಿನಮ್ಮ.

“ಆಪರೇಷನ್ ಮಾಡಿಸ್ಕೊಂಡು ಇಲ್ಲೇ ಬಿಡ್ತೀನಮ್ಮ.”

“ಹಂಗಾದ್ರೆ ಸರಿ. ಹೆತ್ತೂ ಹೆತ್ತೂ ಬಡಕಲಾಗೋಗೈತೆ, ಪಾಪದ್ದು.”

ಅರಿವಳಿಕೆಯಲ್ಲಿರುವಾಗಲೇ ವೈದ್ಯರು ಎಡಗಿವಿಯ ತುದಿಯನ್ನು ನೇರವಾಗಿ ಚೂರು ಕತ್ತರಿಸುತ್ತಾರೆ, ರೇಬಿಸ್ ಲಸಿಕೆಯನ್ನೂ ಆಗಲೇ ಹಾಕಿಸಬಹುದು. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ, ಇದು ನೇರ ಗೆರೆ. ಈ ಗುರುತು ಕಂಡ ಮೇಲೆ ಯಾರೂ ಆ ಬೆಕ್ಕನ್ನು ಮತ್ತೆ ಬೋನಿಗೆ ಕೆಡವಿ ಹೊಟ್ಟೆ ಕೊಯ್ಯಿಸುವುದಿಲ್ಲ. ಆಪರೇಷನ್ ಆದ ಹೆಣ್ಣನ್ನು ಒಂದೆರಡು ದಿನ ಬೆಚ್ಚಗೆ ಇಟ್ಟುಕೊಂಡು, ಹಿಡಿದ ಜಾಗದಲ್ಲೇ ಬಿಡಬೇಕು.

ಅದೇ ಜಾಗ ಎನ್ನುವುದರಲ್ಲಿ ನನ್ನದು ಹಠ. “ಮಾರ್ಕೆಟ್ ಹತ್ರ ಬಿಟ್ಟು ಬನ್ನಿ” ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಗೊತ್ತಿಲ್ಲದ ಜಾಗದಲ್ಲಿ ಬೆಕ್ಕಿಗೆ ನೀರೆಲ್ಲಿ, ನಾಯಿ ಎಲ್ಲಿ ಎಂದು ತಿಳಿಯದು. ಇಲ್ಲಿ ತೆರವಾದ ಜಾಗಕ್ಕೆ ಆಪರೇಷನ್ ಆಗದ ಇನ್ನೊಂದು ಬರುತ್ತದೆ. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ದೂಡಿ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ವಿಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಐದು ವರ್ಷದವರೆಗೆ ಸೆರೆಯಿದೆ. ಆದರೆ ನೆರೆಯವರ ಮುಂದೆ ನಾನು ಕಾನೂನು ತೆಗೆಯುವುದು ಕೊನೆಗೆ. ಗಡವನಿಗೆ ಆಪರೇಷನ್ ಆದರೆ ಗೋಡೆಗೆ ಹಾರಿಸುವ ಉಚ್ಚೆಯ ನಾತ, ರಾತ್ರಿಯ ಕೂಗಾಟ ಎರಡೂ ಬಹುಮಟ್ಟಿಗೆ ಇಳಿಯುತ್ತವೆ ಎಂದರೆ ಅವರೇ ಕಿವಿಗೊಡುತ್ತಾರೆ.

ಮರಿಗಳ ವಿಷಯ. ಓಣಿಯಲ್ಲಿ ಮರಿಯೊಂದೇ ಕಂಡಿತು ಎಂದು ತಕ್ಷಣ ಎತ್ತಿಕೊಂಡು ಬರಬೇಡಿ. ಬಾಣಂತಿ ಬೆಕ್ಕು ಏಳು ಮನೆ ತಿರುಗುತ್ತದೆ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಒಂದೊಂದಾಗಿ ಸಾಗಿಸುವಾಗ ನಡುವೆ ನೀವು ಸಿಕ್ಕಿರಬಹುದು. ದೂರ ಹೋಗಿ ಕೆಲವು ಗಂಟೆ ಕಾಯಿರಿ. ತಾಯಿ ಬಾರದೆ, ಮರಿ ತಣ್ಣಗಾಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಬೆಕ್ಕಿನ ಮರಿಗಳದೇ ಹಾಲಿನ ಪುಡಿ. ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ. ಮೂರು ವಾರ ತುಂಬುವವರೆಗೆ ಒದ್ದೆ ಹತ್ತಿಯಿಂದ ಒರೆಸಿದರೇ ಅದು ಉಚ್ಚೆ ಹೊಯ್ಯುವುದು, ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಔಷಧಿಯ ಬಗ್ಗೆ ಒಂದೇ ಮಾತು: ಮನೆಯ ಡಬ್ಬಿಯಿಂದ ಏನನ್ನೂ ಕೊಡಬೇಡಿ. ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ನಿಮಗೆ ಬೆಕ್ಕು ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಈ ಕೆಲಸಕ್ಕೆ ಬೀದಿಗೆ ಇಬ್ಬರಾದರೂ ಬೇಕು. ಒಬ್ಬರೇ ಇದ್ದಲ್ಲಿ ಹಬ್ಬಕ್ಕೆ ಊರಿಗೆ ಹೋದಾಗ ಹೊತ್ತು ತಪ್ಪುತ್ತದೆ, ಬೆಕ್ಕುಗಳು ಚದುರುತ್ತವೆ, ಕಾಯಿಲೆ ಬಿದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೆಯವರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಒಂದಷ್ಟು ಸಂಜೆ ಅವರನ್ನೂ ತಟ್ಟೆಯ ಹತ್ತಿರ ನಿಲ್ಲಿಸಿಕೊಂಡು, ಯಾವುದು ಯಾವುದು ಎಂದು ತೋರಿಸಿಕೊಡಿ. ಹೊಸಬರ ಕಾಲಸಪ್ಪಳಕ್ಕೆ ಬೆಕ್ಕುಗಳು ಒಗ್ಗಿಕೊಳ್ಳಲು ವಾರವಾದರೂ ಬೇಕಾಗುತ್ತದೆ.