ಮನೆಯ ಗೋಡೆ ಮತ್ತು ನಮ್ಮ ಅಭಿರುಚಿ

ಕಳೆದ ಶ್ರಾವಣದಲ್ಲಿ ಸಹೋದ್ಯೋಗಿ ಮಿತ್ರರೊಬ್ಬರು ಸೂಗೂರೇಶ್ವರನ ದರ್ಶನಕ್ಕೆಂದು ದೇವಸುಗೂರಿಗೆ ಬಂದವರು ನಮ್ಮ ಮನೆಗೂ ಬಂದರು. ಚಹಾ ಬರುವವರೆಗೆ ಮಾತಿಗೆ ಏನಾದರೊಂದು ಬೇಕಷ್ಟೆ, ನಡುಮನೆಯ ಗೋಡೆಯ ಮೇಲಿದ್ದ ಸಣ್ಣ ಚಿತ್ರವೊಂದನ್ನು ತೋರಿಸಿ, “ಇದು ಯಾರು ಬರೆದದ್ದು?” ಎಂದು ಕೇಳಿದರು. ಹೆಸರು ಗೊತ್ತಿಲ್ಲವೆಂದೆ. “ಎಷ್ಟು ಕೊಟ್ಟಿರಿ?” ಎಂದರು. ಹೇಳಿದೆ. “ಹೆಸರಿಲ್ಲದವರಿಗೆ ಅಷ್ಟು ಕೊಟ್ಟಿರಾ!” ಎಂದು ನಕ್ಕರು. ಅಷ್ಟರಲ್ಲಿ ಚಹಾ ಬಂತು. ಚಿತ್ರದಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ಎದ್ದು ಹತ್ತಿರ ಹೋಗಿ ನೋಡಲೂ ಇಲ್ಲ.

ಮಿತ್ರರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಅವರು ಹಳಗನ್ನಡ ಕಾವ್ಯದ ಒಳ್ಳೆಯ ಓದುಗರು. ಪದ್ಯವೊಂದನ್ನು ಓದಿದರೆ ಕವಿಯ ಹೆಸರು ಕೇಳುವ ಮೊದಲೇ ಅದರ ಗುಣದೋಷ ಹೇಳಬಲ್ಲರು. ಅಂಥವರೂ ಚಿತ್ರದ ಮುಂದೆ ನಿಂತಾಗ ಹೆಸರು ಮತ್ತು ಬೆಲೆ ಎಂಬ ಎರಡು ಊರುಗೋಲುಗಳನ್ನು ಹುಡುಕುತ್ತಾರೆ. ನಮ್ಮ ವಿದ್ಯಾವಂತ ಮಧ್ಯಮ ವರ್ಗದ ಮನೆಗಳಲ್ಲಿ ಚಿತ್ರವನ್ನು ಕೊಳ್ಳುವುದು ಬಹುಮಟ್ಟಿಗೆ ಕಿವಿಯಿಂದ, ಕಣ್ಣಿನಿಂದಲ್ಲ. ಇದನ್ನು ನಾನು ಅಧಿಕಾರದಿಂದ ಹೇಳಬಲ್ಲೆ. ಏಕೆಂದರೆ ಆ ತಪ್ಪನ್ನು ಮೊದಲು ಮಾಡಿದವನು ನಾನೇ.

2009ರಲ್ಲಿ ಈ ಮನೆಗೆ ಸುಣ್ಣ ಬಳಿಸಿದಾಗ ನಡುಮನೆಯಲ್ಲಿ ತಾಯಿಯವರು ತವರಿನಿಂದ ತಂದಿದ್ದ ಒಂದು ಲಕ್ಷ್ಮಿಯ ಪಟವಿತ್ತು. ರವಿವರ್ಮನ ಅಚ್ಚಿನ ಪಟ. ಕಮಲದ ಮೇಲೆ ನಿಂತ ದೇವಿ, ಪಕ್ಕದಲ್ಲಿ ಆನೆ, ಹಿಂದೆ ನೀರು. ಎಂ.ಎ. ಮಾಡಿ ಕೆಲಸ ಕಾಯಂ ಆದ ಹೊಸತು, ಆಧುನಿಕನೆನಿಸಿಕೊಳ್ಳುವ ಆಸೆ. ಪಟವನ್ನು ಇಳಿಸಿ, ಅದರ ಗಾಜು ಚೌಕಟ್ಟುಗಳನ್ನೇ ಕತ್ತರಿಸಿ ಬಳಸಿಕೊಳ್ಳುವಂತೆ ಹೇಳಿ, ಕಟ್ಟು ಹಾಕುವವನ ಕೈಗೆ ಕೊಟ್ಟುಬಿಟ್ಟೆ. ಆ ಜಾಗದಲ್ಲಿ ವ್ಯಾನ್ ಗೋನ ಸೂರ್ಯಕಾಂತಿ ಹೂಗಳ ಮುದ್ರಿತ ಪ್ರತಿಯೊಂದು ಬಂತು. ತಾಯಿಯವರು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, “ಹೊಲದಾಗ ಇಷ್ಟು ಸೂರ್ಯಪಾನ ನಿಂತೈತಿ, ಗ್ವಾಡಿಗಿ ಯಾಕ ಬಾಡಿದ್ದು ತಂದು ಹಾಕಿದೆಪ್ಪ?” ಎಂದರು. ಹಳ್ಳಿಯ ಮುದುಕಿಗೆ ಕಲೆ ತಿಳಿಯದೆಂದು ನಾನು ಒಳಗೊಳಗೇ ನಕ್ಕೆ.

ಅವರು ತೀರಿಕೊಂಡು ಎಷ್ಟೋ ದಿನಗಳಾದ ಮೇಲೆ, ಒಂದು ಮಧ್ಯಾಹ್ನ ಆ ಚಿತ್ರವನ್ನು ಸುಮ್ಮನೆ ನೋಡುತ್ತ ಕುಳಿತಿದ್ದಾಗ ನನಗೆ ಗೊತ್ತಾಯಿತು: ಆ ಕುಂಡದಲ್ಲಿ ನಿಜವಾಗಿಯೂ ಹಲವು ಹೂಗಳು ಬಾಡಿವೆ. ಕೆಲವಕ್ಕೆ ಎಸಳುದುರಿ ಬೀಜದ ತಟ್ಟೆಯಷ್ಟೇ ಉಳಿದಿದೆ. ಕೆಲವು ಕತ್ತು ಬಾಗಿಸಿವೆ. ಅರಳುವುದರಿಂದ ಬಾಡುವವರೆಗಿನ ಎಲ್ಲ ಅವಸ್ಥೆಗಳನ್ನೂ ಒಂದೇ ಕುಂಡದಲ್ಲಿ, ಬಹುಪಾಲು ಹಳದಿ ಬಣ್ಣದಲ್ಲೇ ತೋರಿಸಿರುವುದು ಆ ಚಿತ್ರದ ಬಲ. ಇಷ್ಟು ವರ್ಷ ಅದನ್ನು ಗೋಡೆಯ ಮೇಲಿಟ್ಟುಕೊಂಡ ನನಗೆ ಅದು ಕಂಡಿರಲಿಲ್ಲ. ಸೂರ್ಯಪಾನದ ಹೊಲದಲ್ಲಿ ಕೆಲಸ ಮಾಡಿದ್ದ ತಾಯಿಗೆ ಮೊದಲ ನೋಟದಲ್ಲೇ ಕಂಡಿತ್ತು. ಕಲೆಯನ್ನು ನೋಡಿದವರು ಅವರು. ಕಲೆಯ ಕೀರ್ತಿಯನ್ನು ಕೊಂಡವನು ನಾನು.

ಇನ್ನೊಂದು ಸಂಗತಿ ನನ್ನನ್ನು ಮತ್ತಷ್ಟು ನಾಚಿಸಿತು. ಈ ಸೂರ್ಯಕಾಂತಿಗಳನ್ನು ವ್ಯಾನ್ ಗೋ 1888ರಲ್ಲಿ ಆರ್ಲ್ ಎಂಬ ಊರಿನಲ್ಲಿ ಬರೆದದ್ದು, ತನ್ನ ಬಾಡಿಗೆ ಮನೆಗೆ ಬರಲಿದ್ದ ಗೆಳೆಯ ಗೊಗಾನ್‌ನ ಕೋಣೆಯನ್ನು ಅಲಂಕರಿಸುವ ಸಲುವಾಗಿ. ಎಂದರೆ ಅವೂ ಮೊದಲು ಮನೆಯ ಗೋಡೆಯ ಚಿತ್ರಗಳೇ. ಕೈಯಲ್ಲಿ ಹಣವಿಲ್ಲದ ಆ ಮನುಷ್ಯ ತಾನೂ ಚಿತ್ರ ಸಂಗ್ರಹಿಸುತ್ತಿದ್ದ: ಅಗ್ಗದ ಬೆಲೆಗೆ ಸಿಗುತ್ತಿದ್ದ ಜಪಾನಿನ ಮರದಚ್ಚಿನ ಹಾಳೆಗಳನ್ನು ನೂರಾರು ಸಂಖ್ಯೆಯಲ್ಲಿ ಕೊಂಡು ತನ್ನ ಕೋಣೆಯ ಗೋಡೆಗೆ ಚುಚ್ಚಿಕೊಂಡಿದ್ದ. ಅವುಗಳ ಗೆರೆಯಿಂದ, ಬಣ್ಣದಿಂದ ಕಲಿತ. ಅವನು ಕಣ್ಣಿನಿಂದ ಕೊಂಡ. ನಾನು ಅವನನ್ನೇ ಕಿವಿಯಿಂದ ಕೊಂಡೆ!

ಹೀಗೆಂದಾಗ ಅಚ್ಚಿನ ಪ್ರತಿಯೇ ಕೀಳು, ಮೂಲಕೃತಿಯೇ ಮೇಲು ಎಂದು ನಾನು ಹೇಳುತ್ತಿರುವೆನೆಂದು ಓದುಗರು ಭಾವಿಸಬಾರದು. ನಾನು ಇಳಿಸಿದ ಲಕ್ಷ್ಮಿಯೂ ಅಚ್ಚಿನ ಪ್ರತಿಯೇ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚಿನ ಮನೆ ತೆರೆಯುವವರೆಗೆ ಅವನ ಚಿತ್ರಗಳು ಅರಮನೆಗಳಿಗೂ ಶ್ರೀಮಂತರ ಮನೆಗಳಿಗೂ ಮೀಸಲಾಗಿದ್ದವು. ಕಲ್ಲಚ್ಚಿನ ಕೆಲಸ ಸುಲಭದ್ದಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಹಾಳೆ ಕಲ್ಲಿನಿಂದ ಕಲ್ಲಿಗೆ ದಾಟಬೇಕು, ಅಂಚು ಕೂದಲೆಳೆಯಷ್ಟೂ ಸರಿಯಬಾರದು. ಈ ಶ್ರಮದಿಂದ ಹೊರಟ ಪಟ ಸಾಮಾನ್ಯರ ದೇವರ ಮನೆಗೆ ಬಂದಿತು. ನಮ್ಮ ಸೀಮೆಯ ಕಲಬುರಗಿಯಲ್ಲೇ ಹುಟ್ಟಿದ ಎಸ್. ಎಂ. ಪಂಡಿತರು (1916–1993) ಮುಂಬಯಿಯಲ್ಲಿ ನಿಂತು ಸಿನೆಮಾ ಭಿತ್ತಿಚಿತ್ರಗಳನ್ನೂ ಕ್ಯಾಲೆಂಡರಿನ ಪುರಾಣಚಿತ್ರಗಳನ್ನೂ ಬರೆದು ಇದೇ ದಾರಿಯನ್ನು ಮುಂದುವರಿಸಿದರು. ನಮ್ಮಂಥವರು ಇವರನ್ನೆಲ್ಲ “ಕ್ಯಾಲೆಂಡರು ಕಲೆ” ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಲು ಕಲಿತೆವು. ಈ ಮಾತೂ ಕಿವಿಯಿಂದ ಬಂದದ್ದೇ.

ಕಣ್ಣಿನಿಂದ ನೋಡಿದರೆ ಏನು ತೋರುತ್ತದೆ? ನನ್ನ ಮಟ್ಟಿಗೆ, ರವಿವರ್ಮನ ಲಕ್ಷ್ಮಿಯಲ್ಲಿ ಸೀರೆಯ ನೆರಿಗೆಗೆ ಇರುವಷ್ಟು ಜೀವ ಮುಖಕ್ಕಿಲ್ಲ. ನಿಲುವು ನಾಟಕದ ರಂಗದ್ದು. ಆದರೆ ಆ ದೇವಿ ಎಲ್ಲಿಯೋ ಎತ್ತರದಲ್ಲಿಲ್ಲ. ನೆರೆಮನೆಯ ಬಾಗಿಲಲ್ಲಿ ನಿಂತ ಗೃಹಿಣಿಯಷ್ಟು ಹತ್ತಿರದಲ್ಲಿದ್ದಾಳೆ. ಈ ಸಾಮೀಪ್ಯವೇ ಅದರ ಗುಣ. ದೋಷವನ್ನೂ ಗುಣವನ್ನೂ ಹೀಗೆ ಎದುರಿಗಿಟ್ಟುಕೊಂಡು ಹೇಳುವುದಕ್ಕೆ ಈಗ ಆ ಪಟ ನನ್ನ ಬಳಿ ಇಲ್ಲ. ಅದೇ ಬಗೆಯ ಹಳೆಯ ಪಟಗಳನ್ನು ಬೆಂಗಳೂರಿನ ಅಂಗಡಿಯೊಂದರಲ್ಲಿ ಕಂಡೆ. ಬೆಲೆ ಕೇಳಿ ಹಿಂದಿರುಗಿದೆ. ಕೊಳ್ಳಲಾಗಿದ್ದರೂ ಅದು ತಾಯಿಯವರ ಪಟವಾಗುತ್ತಿರಲಿಲ್ಲವೆನ್ನಿ.

ಕಣ್ಣನ್ನು ಪಳಗಿಸಿಕೊಳ್ಳುವುದು ಹೇಗೆ? ಕಾವ್ಯಾಭ್ಯಾಸದಿಂದ ಮನಸ್ಸಿನ ಕನ್ನಡಿಯನ್ನು ತಿಕ್ಕಿ ತಿಕ್ಕಿ ನಿರ್ಮಲ ಮಾಡಿಕೊಂಡವನೇ ಸಹೃದಯನೆಂದು ನಮ್ಮ ಮೀಮಾಂಸಕರು ಹೇಳಿದರು. ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ತಿಕ್ಕುವುದಕ್ಕೆ ದೊಡ್ಡ ಪಟ್ಟಣಗಳ ಚಿತ್ರಶಾಲೆಗಳೇ ಆಗಬೇಕೆಂದಿಲ್ಲ. ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. 1294ರಲ್ಲಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಬಸ್ಸಿಗೆ ಓಡಾಡುವ ನಾವು ಕಲ್ಲಿನ ಉದ್ದವನ್ನು ಮಾತ್ರ ಮಕ್ಕಳಿಗೆ ಹೇಳುತ್ತೇವೆ. ಅದರ ಸಮೀಪದಲ್ಲೇ, ಆ ಕಲ್ಲನ್ನು ಗಣಿಯಿಂದ ತಂದ ಬಗೆಯನ್ನು ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ: ಗಟ್ಟಿ ಗಾಲಿಗಳ ಬಂಡಿ, ಸಾಲುಗಟ್ಟಿದ ಕೋಣಗಳು, ನಡುನಡುವೆ ಹುರಿದುಂಬಿಸುವ ಆಳುಗಳು, ಹಿಂದೆ ಗಾಲಿಗೆ ಸನ್ನೆಗೋಲು ಕೊಡುವವರು. ಸೇನಾನಿಯ ಹೆಸರು ಕಲ್ಲಿನಲ್ಲಿ ಉಳಿದಿದೆ. ಗೆರೆ ಕೊರೆದವನ ಹೆಸರು ಇಲ್ಲ. ಆ ಗೆರೆಯ ಮಿತವ್ಯಯವನ್ನು ಒಮ್ಮೆ ಕಂಡವರಿಗೆ, ತುಂಬಿ ತುಳುಕುವ ಚಿತ್ರವೇ ಒಳ್ಳೆಯ ಚಿತ್ರವೆಂಬ ಭ್ರಮೆ ತೊಲಗುತ್ತದೆ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಮುದಗಲ್ಲಿನ ಕಡೆಯ ಪಿಕಳಿಹಾಳದ ಬಂಡೆಗಳಿವೆ. ಅಲ್ಲಿಯ ಉತ್ಖನನದ ವಿವರವನ್ನು ಆಲ್ಚಿನ್ನರು 1960ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ನವಶಿಲಾಯುಗದ ದನಗಾಹಿಗಳು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ ಗೂಳಿಗಳು ಆ ಸೀಮೆಯಲ್ಲಿವೆ. ಕಾಸಿಲ್ಲದೆ ನೋಡಬಹುದಾದ ಶಾಲೆ ಇದು.

ಕೋಟೆಯ ಕೋಣಗಳನ್ನು ನೋಡಿ ಬಂದ ಕಣ್ಣಿನಿಂದಲೇ ಇರಬೇಕು, 2018ರ ಜನವರಿಯಲ್ಲಿ ನಾನು ನನ್ನ ಮೊದಲ ಮೂಲಕೃತಿಯನ್ನು ಕೊಂಡೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷವರ್ಷವೂ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ರಾತ್ರಿಯ ರೈಲು ಹತ್ತಿ ಹೋಗಿದ್ದೆ. ರಸ್ತೆಯ ಎರಡೂ ಬದಿಗೆ ಚಿತ್ರಗಳು. ಕೆಲವು ನೂರು ರೂಪಾಯಿಯಿಂದ ಲಕ್ಷದವರೆಗೆ. ಅಂದು ಎರಡು ಚಿತ್ರ ಕೊಂಡೆ. ಒಂದು, ಹಂಪಿಯ ಕಲ್ಲಿನ ರಥದ ಹಿಂದೆ ಸೂರ್ಯ ಮುಳುಗುವ ಜಲವರ್ಣ. ಇನ್ನೊಂದು, ಕಲಾಶಾಲೆಯ ವಿದ್ಯಾರ್ಥಿನಿಯೊಬ್ಬಳು ಮರದ ಹಲಗೆ ಕೆತ್ತಿ ಅಚ್ಚೊತ್ತಿದ, ಕೈಯಗಲದ ಕಪ್ಪು-ಬಿಳುಪು ಚಿತ್ರ: ಹೊಳೆಯಲ್ಲಿ ಬಿದ್ದುಕೊಂಡ ಎಮ್ಮೆಗಳು. ಕೆಳಗೆ ಸೀಸದ ಕಡ್ಡಿಯಿಂದ 4/15 ಎಂದು ಬರೆದಿದೆ. ಹದಿನೈದು ಪ್ರತಿಗಳಲ್ಲಿ ನಾಲ್ಕನೆಯದೆಂದು ಅರ್ಥ. ಸಹಿಯಿದೆ, ಓದಲು ಬರುವುದಿಲ್ಲ.

ಹಂಪಿಯ ಚಿತ್ರ ಆರು ತಿಂಗಳಲ್ಲಿ ಸತ್ತುಹೋಯಿತು. ಅದರಲ್ಲಿ ಕುಂದೇನೂ ಇರಲಿಲ್ಲ. ಆದರೆ ಇದ್ದದ್ದನ್ನೆಲ್ಲ ಮೊದಲ ನೋಟದಲ್ಲೇ ಹೇಳಿ ಮುಗಿಸಿಬಿಟ್ಟಿತ್ತು. ಹಂಪಿಯ ಮೇಲಿನ ನನ್ನ ಅಭಿಮಾನ ಅದನ್ನು ಕೊಂಡಿತ್ತೇ ಹೊರತು ಚಿತ್ರ ತನ್ನನ್ನು ತಾನು ಕೊಳ್ಳಿಸಿಕೊಂಡಿರಲಿಲ್ಲ. ಎಮ್ಮೆಗಳು ಇನ್ನೂ ಬದುಕಿವೆ. ಮೊದಲ ವರ್ಷ ನಾನು ಕೋಡುಗಳ ಬಳುಕನ್ನು ನೋಡಿದೆ. ಮರುವರ್ಷ, ಅವಳು ನೀರನ್ನು ಕೆತ್ತಿಯೇ ಇಲ್ಲವೆಂಬುದು ಹೊಳೆಯಿತು; ಕೆತ್ತದೆ ಬಿಟ್ಟ ಹಲಗೆಯ ಕಪ್ಪೇ ನೀರು, ಮರದ ಎಳೆಗಳೇ ಅದರ ಮೇಲಿನ ಸಣ್ಣ ಅಲೆ. ಬೇಸಗೆಯಲ್ಲಿ ನಮ್ಮ ಕೃಷ್ಣೆಯ ದಡಕ್ಕೆ ಹೋದಾಗ ಎಮ್ಮೆಯ ಬೆನ್ನ ಮೇಲೆ ಬೆಳಕು ಜಾರುವುದನ್ನು ಈಗ ನಿಂತು ನೋಡುತ್ತೇನೆ. ಒಳ್ಳೆಯ ಚಿತ್ರ ಗೋಡೆಯನ್ನಷ್ಟೇ ಅಲಂಕರಿಸುವುದಿಲ್ಲ. ಮನೆಯಿಂದ ಹೊರಗೆ ನಾವು ಕಾಣುವುದನ್ನೂ ತಿದ್ದುತ್ತದೆ.

ಈ ಚಿತ್ರದ ವಿಷಯದಲ್ಲಿ ಹೇಳಲು ಸಂಕೋಚವಾಗುವ ಮಾತೊಂದಿದೆ. ಹುಡುಗಿ 1,800 ರೂಪಾಯಿ ಹೇಳಿದಳು. ನಾನು ಬದನೆಕಾಯಿ ಚೌಕಾಶಿ ಮಾಡಿದಂತೆ ಮಾಡಿ 1,200ಕ್ಕೆ ಇಳಿಸಿದೆ. ಅವಳು ಮಾತನಾಡದೆ ಕಾಗದ ಸುತ್ತಿಕೊಟ್ಟಳು. ಊರಿಗೆ ಬಂದು ಅದಕ್ಕೆ ಗಾಜು, ಚೌಕಟ್ಟು ಹಾಕಿಸಿದ್ದಕ್ಕೆ 1,400 ಆಯಿತು; ಅಲ್ಲಿ ಚೌಕಾಶಿ ಮಾಡಬೇಕೆಂದು ನನಗೆ ತೋರಲೇ ಇಲ್ಲ! ಚೌಕಟ್ಟಿಗೆ ಬೆಲೆಯುಂಟು, ಚಿತ್ರಕ್ಕೆ ಮಾತ್ರ ಸಂಶಯ. ಮಿತ್ರರು “ಅಷ್ಟು ಕೊಟ್ಟಿರಾ” ಎಂದು ನಕ್ಕಾಗ ನಾನು ನಗದೆ ಹೋದದ್ದಕ್ಕೆ ಕಾರಣ ಇದು. ಕಲಕತ್ತೆಯ ಜಾಮಿನಿ ರಾಯ್ (1887–1972) ಸಾಮಾನ್ಯರ ಮನೆಯಲ್ಲೂ ಚಿತ್ರವಿರಲೆಂದು ಬೇಕೆಂದೇ ಬೆಲೆ ತಗ್ಗಿಸಿ ಇಟ್ಟುಕೊಂಡರು. ಅದು ಕಲಾವಿದನ ಔದಾರ್ಯ. ಆ ಔದಾರ್ಯವನ್ನು ಕೊಳ್ಳುವವನು ಹಕ್ಕೆಂದು ಕೇಳಿ ಪಡೆಯಲಾಗದು. ನಮ್ಮ ಕೈಗೆಟುಕುವ ಚಿತ್ರವೆಂದರೆ ಅಗ್ಗಕ್ಕೆ ಇಳಿಸಿದ ಚಿತ್ರವಲ್ಲ. ನಮ್ಮ ಶಕ್ತಿಗೆ ತಕ್ಕಷ್ಟು ಸಣ್ಣದಾದ, ಕೇಳಿದ ಬೆಲೆಗೆ ಕೊಂಡ ಚಿತ್ರ.

ಆ ಪಾಠ ಕಲಿತ ಮೇಲೆ ಕೊಂಡದ್ದು ಕಿನ್ನಾಳದ ಒಂದು ಗಿಣಿ. ಕೊಪ್ಪಳ ಸೀಮೆ 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು. ಆದರೂ ಕಿನ್ನಾಳಕ್ಕೆ ನಾನು ಹೋದದ್ದು ತಡವಾಗಿ. ಅಲ್ಲಿಯ ಚಿತ್ರಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಸರಿಯಿಂದ ಬೆಸೆದು, ಕಲ್ಲಿನ ಪುಡಿಯ ಲೇಪ ಕೊಟ್ಟು ಬಣ್ಣ ತುಂಬುತ್ತಾರೆ. ಇಲ್ಲಿ ಹೊಸತನ ಹುಡುಕುವುದು ಔಚಿತ್ಯವಲ್ಲ. ಗರುಡ ತಲೆಮಾರುಗಳಿಂದ ಅದೇ ಗರುಡ. ಒಂದೇ ರಾಗವನ್ನು ಬೇರೆ ಬೇರೆ ಗಾಯಕರು ಹಾಡಿದಾಗ ಕಿವಿ ಮಾಡುವ ಕೆಲಸವನ್ನು ಇಲ್ಲಿ ಕಣ್ಣು ಮಾಡಬೇಕು: ಯಾವ ಗಿಣಿಯ ಕತ್ತು ತಿರುಗಿದೆ, ಯಾವುದರ ಕಣ್ಣು ಬರೆದ ಕೈ ಅವಸರದಲ್ಲಿತ್ತು. ನಾಲ್ಕು ಗಿಣಿಗಳನ್ನು ಸಾಲಾಗಿಟ್ಟು ಒಂದನ್ನು ಆರಿಸಿಕೊಳ್ಳುವುದು ಯಾವ ಭಾಷಣಕ್ಕಿಂತಲೂ ಒಳ್ಳೆಯ ವಿಮರ್ಶಾಭ್ಯಾಸ.

ಹಾಗಾದರೆ ಅಭಿರುಚಿಯೆಂದರೆ ಅವರವರ ಇಷ್ಟವೇ, ಅದಕ್ಕೆ ವಿಮರ್ಶೆ ಏಕೆ ಎಂದು ಕೇಳಬಹುದು. ಇಷ್ಟದಿಂದ ಆರಂಭವಾಗಲಿ, ಅಡ್ಡಿಯಿಲ್ಲ. ಆ ಇಷ್ಟಕ್ಕೆ ಚಿತ್ರದೊಳಗಿನ ಏನನ್ನಾದರೂ ಬೆರಳಿಟ್ಟು ತೋರಿಸಲು ಬಂದ ದಿನ ಅದು ಅಭಿರುಚಿಯಾಗುತ್ತದೆ. ನನ್ನ ತಾಯಿಯವರು ಬಾಡಿದ ಹೂವನ್ನು ಬೆರಳಿಟ್ಟು ತೋರಿಸಿದ್ದರು. ಅವರಿಗೆ ಚಿತ್ರ ಹಿಡಿಸಲಿಲ್ಲ, ನಿಜ. ಆದರೆ ಅದರ ಪ್ರಾಣವಿದ್ದ ಜಾಗದಲ್ಲೇ ಅವರ ಬೆರಳು ಇತ್ತು.

ಸೂರ್ಯಕಾಂತಿ ನಮ್ಮ ಗೋಡೆಯ ಮೇಲೆ ಇಂದಿಗೂ ಇದೆ. ರಾಯಚೂರಿನ ಬಿಸಿಲಿಗೆ ಅದರ ಹಳದಿ ಮಾಸಿದೆ. ಪಶ್ಚಿಮದ ಕಿಟಕಿಗೆ ಎದುರಾಗಿ ಕಾಗದದ ಚಿತ್ರ ಹಾಕಬಾರದೆಂಬುದು ತಡವಾಗಿ ತಿಳಿಯಿತು. ಲಕ್ಷ್ಮಿಯಿದ್ದ ಜಾಗವದು, ಬೇರೆ ಚಿತ್ರ ಹಾಕಲು ಮನಸ್ಸು ಬಂದಿಲ್ಲ.

ಓದುಗರು ಮುಂದಿನ ಸಂಬಳದಲ್ಲಿ ಸ್ವಲ್ಪ ಉಳಿಸಿ ಒಂದು ಸಣ್ಣ ಚಿತ್ರವನ್ನು ಕೊಂಡು, ದಿನವೂ ಕುಳಿತು ಚಹಾ ಕುಡಿಯುವ ಜಾಗದ ಎದುರಿಗೆ ಹಾಕಿಕೊಳ್ಳಲಿ. ಒಂದು ವರ್ಷ ಅದರೊಡನೆ ಇರಲಿ. ಆದರೆ ಯಾವುದನ್ನು ಕೊಳ್ಳಬೇಕೆಂದು ನನ್ನನ್ನು ಕೇಳಬಾರದು. ಕೇಳಿದರೆ, ಅದೂ ಕಿವಿಯಿಂದ ಕೊಂಡಂತೆಯೇ ಆದೀತು.