ಬೀಗ ಅವಳ ಕೊರಳಲ್ಲಿ, ಕೈ ಅವನದು

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳಿಗೆ ಅನ್ನ ತರುತ್ತಿರುವುದು ಬಂಗಾರಪೇಟೆ ಹಾದು ಬೆಂಗಳೂರಿಗೆ ಹೋಗಿಬರುವ ಮಾರಿಕುಪ್ಪಂ ರೈಲು. ಅದರಲ್ಲಿ ಈಗ ಮಾತಿಗಿಂತ ಮೊಬೈಲೇ ಹೆಚ್ಚು. ಒಂದು ಸಂಜೆ ಅಕ್ಕನ ಮಗ ತನ್ನ ಮೊಬೈಲಿನಲ್ಲಿ 'ರೊಸಾರಿಯೋ ಪ್ಲಸ್ ವ್ಯಾಂಪೈರ್' ಎಂಬ ಜಪಾನಿ ಕಾರ್ಟೂನ್ ಧಾರಾವಾಹಿ ತೋರಿಸಿದ. ನಡುನಡುವೆ "ಇದು ಬೇಡ ಮಾಮೂ" ಎಂದು ಬೆರಳಿನಿಂದ ಮುಂದಕ್ಕೆ ಓಡಿಸುತ್ತಿದ್ದ. ಆಮೇಲೆ ಮನೆಯಲ್ಲಿ ಒಬ್ಬನೇ ಕೂತು, ಓಡಿಸದೆ ನೋಡಿದೆ. ಹುಡುಗ ನಾಚಿದ್ದರಲ್ಲಿ ತಪ್ಪಿರಲಿಲ್ಲ.

ಅಕಿಹಿಸಾ ಇಕೆಡಾ 2004ರಲ್ಲಿ ಆರಂಭಿಸಿದ ಚಿತ್ರಕಥೆಯನ್ನು ಗೊಂಜೊ ಸ್ಟುಡಿಯೋ 2008ರಲ್ಲಿ ತಲಾ 13 ಕಂತುಗಳ ಎರಡು ಸರಣಿಗಳಾಗಿ ತಂದಿತು. ಪ್ರವೇಶ ಪರೀಕ್ಷೆಗಳಲ್ಲೆಲ್ಲ ಫೇಲಾದ ಟ್ಸುಕುನೆ ಎಂಬ ಹುಡುಗ ಗೊತ್ತಿಲ್ಲದೆ ಭೂತಪಿಶಾಚಿಗಳ ಶಾಲೆಗೆ ಸೇರುತ್ತಾನೆ. ಅಲ್ಲಿ ಎಲ್ಲರೂ ಮನುಷ್ಯರೂಪದಲ್ಲೇ ಇರಬೇಕು, ನಿಜರೂಪ ತೋರಕೂಡದು. ಆದರೆ ನಿಜವಾದ ಮನುಷ್ಯ ಸಿಕ್ಕಿಬಿದ್ದರೆ ಸಾವೇ ಗತಿ.

ಈ ಬೀಜ ಸಾಮಾನ್ಯವಾದುದಲ್ಲ. ತನ್ನದನ್ನು ಮರೆಮಾಡಿದವರಿಗಷ್ಟೇ ಬೆಂಚಿನಲ್ಲಿ ಜಾಗ ಎಂಬ ಶಾಲೆಯನ್ನು 2022ರ ಫೆಬ್ರವರಿಯಲ್ಲಿ ಕಾಲೇಜು ಗೇಟುಗಳ ಮುಂದೆ ನಿಂತ ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಬೇಕಿಲ್ಲ. ನಾಯಕಿ ಮೋಕಾ ರಕ್ತಪಿಶಾಚಿ. ಹಿಂದೆ ಮನುಷ್ಯರ ಶಾಲೆಯಲ್ಲಿ ಒಂಟಿಯಾಗಿ ನೊಂದವಳು. ಯುಕಾರಿ ಎಂಬ ಪುಟ್ಟ ಮಾಟಗಾತಿಯನ್ನು ಮನುಷ್ಯರೂ ಪಿಶಾಚಿಗಳೂ ತಮ್ಮವಳೆನ್ನುವುದಿಲ್ಲ. ಉರ್ದು ಶಾಲೆಯಲ್ಲಿ ಕನ್ನಡದವ, ಕನ್ನಡ ಶಾಲೆಯಲ್ಲಿ ಉರ್ದುವಿನವ ಎನಿಸಿಕೊಂಡ ನನಗೆ ಈ ಹುಡುಗಿ ಚೆನ್ನಾಗಿ ಪರಿಚಿತಳು.

ಆದರೆ ಇಂಥ ಮಾತು ಬಂದಷ್ಟೇ ಬೇಗ ಹೊರಟುಹೋಗುತ್ತದೆ. ಮತ್ತೆ ಅವೇ ಕುಪ್ಪಳಿಸುವ ಲಂಗಗಳು, ಹುಡುಗನಿಗಾಗಿ ಹುಡುಗಿಯರ ಜಗಳ, ಕೊನೆಗೊಂದು ಹೊಡೆದಾಟ. ಅದು ಎಷ್ಟು ಸೆಕೆಂಡಿನಲ್ಲಿ ಮುಗಿಯಿತೆಂದು ಲೆಕ್ಕ ಹೇಳಲು ಒಂದು ಬಾವಲಿ! ಹನ್ನೊಂದು ವರ್ಷದ ಯುಕಾರಿಯನ್ನೂ ಈ ಚೇಷ್ಟೆಗೆ ಎಳೆದಿರುವುದಂತೂ ಅಕ್ಷಮ್ಯ.

ಇಂಥ ಕಥೆಗಳಿಗೆ 'ಹಾರೆಮ್' ಎಂದೇ ಹೆಸರಂತೆ: ಪೆದ್ದನೊಬ್ಬ, ಸುತ್ತ ಹುಡುಗಿಯರು. ಹರಮ್ ಶರೀಫಿನ 'ಹರಮ್' ಇದರ ದಾಯಾದಿ. ಪವಿತ್ರ, ಹೊರಗಿನವರಿಗೆ ನಿಷಿದ್ಧ ಎಂಬ ಅರಬ್ಬೀ ಪದ ಯೂರೋಪಿನ ಕಲ್ಪನೆಯಲ್ಲಿ ಮೈಲಿಗೆಯಾಗಿ, ಜಪಾನ್ ಸುತ್ತಿ, ರಾಬರ್ಟ್‌ಸನ್‌ಪೇಟೆಯ ಹುಡುಗನ ಅಂಗೈಗೆ ಬಂದಿದೆ. ಮೊಗಲರ ಜನಾನವೇನೂ ಸ್ವರ್ಗವಾಗಿರಲಿಲ್ಲ. ಆದರೂ ಅಲ್ಲಿಯ ಗುಲ್‌ಬದನ್ ಬೇಗಂ 1570ರ ದಶಕದಲ್ಲಿ ಹೆಂಗಸರ ಗುಂಪು ಕಟ್ಟಿಕೊಂಡು ಹಜ್‌ಗೆ ಹೋಗಿಬಂದಳು, 'ಹುಮಾಯೂನ್‌ನಾಮಾ' ಬರೆದಳು. ಇಲ್ಲಿನ ಹುಡುಗಿಯರು ಮಂಜು ಸುರಿಸಬಲ್ಲರು, ಹಾರಬಲ್ಲರು. ಆದರೆ ಟ್ಸುಕುನೆಯನ್ನು ಬಯಸುವುದರಾಚೆಗೆ ಅವರಿಗೆ ಹೆಚ್ಚಿನ ಕೆಲಸವಿಲ್ಲ. ನನ್ನ ದೊಡ್ಡ ತಕರಾರು ಲಂಗದ್ದಲ್ಲ, ಇದರದ್ದು.

ಮೋಕಾಳ ಕೊರಳಲ್ಲಿ ಶಿಲುಬೆ ತೂಗುವ ಒಂದು ಜಪಸರವಿದೆ. ಕೆಜಿಎಫ್‌ನ ತಮಿಳು ಕ್ರೈಸ್ತರ ಮನೆಗಳಲ್ಲಿ ಪ್ರಾರ್ಥನೆಗೆ ಹಿಡಿಯುವ ವಸ್ತು ಇಲ್ಲಿ ಅವಳ ಶಕ್ತಿಗೆ ಹಾಕಿದ ಬೀಗ. ಅದು ಕಳಚಿದರೆ ಕೂದಲು ಬೆಳ್ಳಿಯಾಗಿ, ಕಣ್ಣು ಕೆಂಪಾಗಿ ಇನ್ನೊಬ್ಬ ಮೋಕಾ ಎದ್ದುಬರುತ್ತಾಳೆ. ಅವಳು ಯಾರನ್ನೂ ಓಲೈಸುವವಳಲ್ಲ, ಇಡೀ ಧಾರಾವಾಹಿಯಲ್ಲಿ ಗಟ್ಟಿಯಾದ ಪಾತ್ರ ಅದೊಂದೇ. ಆದರೆ ಬೀಗವನ್ನು ಅವಳೇ ತೆಗೆದುಕೊಳ್ಳಲಾರಳು. ಟ್ಸುಕುನೆಯ ಕೈಯೇ ಬೇಕು! ಅಷ್ಟು ಬಲವಂತೆಯನ್ನು ಸೃಷ್ಟಿಸಿದ ಲೇಖಕ ಕೀಲಿಯನ್ನು ಮಾತ್ರ ಪರೀಕ್ಷೆಯಲ್ಲಿ ಫೇಲಾದ ಹುಡುಗನ ಜೇಬಿಗೆ ಹಾಕಿದ್ದಾನೆ. ಹೆಣ್ಣಿನ ಶಕ್ತಿಯನ್ನು ಹೊಗಳುವ ನಮ್ಮ ಗಂಡಸರೂ ಸಾಮಾನ್ಯವಾಗಿ ಇಷ್ಟೇ ಉದಾರಿಗಳು.

ಮೊದಲ ಸರಣಿಯ ಕೊನೆಯ ಎರಡು ಕಂತುಗಳು ಬೇರೆ ಮಟ್ಟದವು. ಶಾಲೆಯ ಸುರಕ್ಷಾ ಸಮಿತಿಯೇ ಟ್ಸುಕುನೆ ಮನುಷ್ಯನೆಂದು ಹಿಡಿದು ಶಿಕ್ಷಿಸಲು ಹೊರಡುತ್ತದೆ. ಅವನು ಯಾರೆಂದು ತಿಳಿದ ಮೇಲೂ ಹುಡುಗಿಯರು ಅವನ ಕೈಬಿಡುವುದಿಲ್ಲ. ಆ ಕಂತುಗಳನ್ನು ಅಕ್ಕನ ಮಗನೊಂದಿಗೆ ಮತ್ತೆ ರೈಲಿನಲ್ಲೇ ನೋಡಿದೆ. ಅವನ ಬೆರಳು ಪರದೆಯ ಮೇಲೆ ಅಷ್ಟಾಗಿ ಆಡಲಿಲ್ಲ. ಕೋರಮಂಡಲ್ ದಾಟಿ ಊರ್ಗಾಂ ಬಂದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.