ಎಂಆರ್‌ಪಿ ಪಕ್ಕದಲ್ಲೊಂದು ದರ

ಪ್ಯಾಕೇಜಿಂಗ್ ವಿನ್ಯಾಸ ಕಲಿಯುವವರಿಗೆ ಚಾಕೊಲೇಟ್ ಅಚ್ಚುಮೆಚ್ಚಿನ ವಿಷಯ. ಅದರಲ್ಲೂ ಬೆಳೆಗಾರನಿಗೆ ಮೋಸ ಮಾಡದೆ, ಮಕ್ಕಳನ್ನು ದುಡಿಸದೆ ತಯಾರಿಸಿದ ಚಾಕೊಲೇಟಿಗೆ ಹೊದಿಕೆ ರೂಪಿಸುವ ಪ್ರಾಜೆಕ್ಟ್ ಎಲ್ಲಿ ಕಂಡರೂ ನಾನು ನಿಂತು ನೋಡುತ್ತೇನೆ. ಎಷ್ಟೋ ಸಲ ಕಣ್ಣಿಗೆ ಬೀಳುವುದು ಒಂದೇ ಬಗೆ: ಕಂದು ಕ್ರಾಫ್ಟ್ ಕಾಗದ, ಮೇಲೆ ಕಪ್ಪು ಶಾಯಿಯಲ್ಲಿ ಸೀಳಿದ ಕೊಕ್ಕೊ ಹಣ್ಣು, ಅಂಚಿಗೆ ಆಫ್ರಿಕಾದ ಬಟ್ಟೆಯ ಚಿತ್ತಾರ, ಹಿಂಬದಿಯಲ್ಲಿ ಐವರಿ ಕೋಸ್ಟ್‌ನ ಬಾಲಕಾರ್ಮಿಕರ ಬಗ್ಗೆ ನಾಲ್ಕು ಸಾಲು. ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ವೈಟ್‌ಫೀಲ್ಡ್‌ನ ಅಂಗಡಿಯಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ ಬೆಳೆಯುವ ಕೊಕ್ಕೊದ ಸುದ್ದಿಯೇ ಅಲ್ಲಿರುವುದಿಲ್ಲ.

ಆಫ್ರಿಕಾದ ನೋವು ಸಣ್ಣದಲ್ಲ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಐವರಿ ಕೋಸ್ಟ್ ಮತ್ತು ಘಾನಾದಿಂದ. ಅಲ್ಲಿ ಮಕ್ಕಳ ಅತಿ ಕ್ರೂರ ದುಡಿಮೆಯನ್ನು ತೊಲಗಿಸುತ್ತೇವೆಂದು ದೊಡ್ಡ ಕಂಪನಿಗಳು 2001ರಲ್ಲಿ ಹಾರ್ಕಿನ್–ಎಂಗೆಲ್ ಒಪ್ಪಂದಕ್ಕೆ ಸಹಿ ಹಾಕಿದವು. ಸಂಶೋಧನಾ ಸಂಸ್ಥೆ ನಾರ್ಕ್ 2020ರಲ್ಲಿ ಹೊರತಂದ ವರದಿಯ ಪ್ರಕಾರ, ಆ ಎರಡು ದೇಶಗಳ ಕೊಕ್ಕೊ ತೋಟಗಳಲ್ಲಿ ಇನ್ನೂ ಸುಮಾರು 15.6 ಲಕ್ಷ ಬಾಲಕಾರ್ಮಿಕರಿದ್ದರು. ಸಿಟ್ಟು ಬರಬೇಕಾದ ಸಂಗತಿಯೇ. ಆದರೆ ದಕ್ಷಿಣ ಕನ್ನಡದ ಬೀಜದಿಂದ ಮಾಡಿದ ಬಾರ್‌ಗೆ ಆ ಸಾಲುಗಳನ್ನು ಅಂಟಿಸಿದರೆ ಅಲ್ಲಿನ ಮಗುವಿಗೂ ಇಲ್ಲಿನ ಕೃಷಿಕನಿಗೂ ದಕ್ಕುವುದು ಏನೂ ಇಲ್ಲ.

ನಮ್ಮಲ್ಲಿ ಕೇಳಬೇಕಾದದ್ದು ಬೆಲೆಯ ಪ್ರಶ್ನೆ. ಅಡಿಕೆ ಮರಗಳ ನೆರಳಲ್ಲಿ ಕೊಕ್ಕೊ ಬೆಳೆಯಿರಿ ಎಂದು ಕರಾವಳಿಯ ಕೃಷಿಕರನ್ನು ಹುರಿದುಂಬಿಸಿದ ಕಾಲವೊಂದಿತ್ತು. ಗಿಡ ಫಸಲಿಗೆ ಬಂದಾಗ, 1970ರ ದಶಕದ ಕೊನೆಗೆ, ಹೊರದೇಶದ ಮಾರುಕಟ್ಟೆಯಲ್ಲಿ ದರ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಹಸಿ ಬೀಜ ಅಟ್ಟದ ಮೇಲಿಟ್ಟು ಒಳ್ಳೆಯ ದರಕ್ಕೆ ಕಾಯುವ ಪದಾರ್ಥವಲ್ಲ. ಆಗ ಖರೀದಿಗೆ ಇಳಿದದ್ದು ಮಂಗಳೂರಿನ ಕ್ಯಾಂಪ್ಕೊ. ಅಡಿಕೆ ದರ ನೆಲಕಚ್ಚಿದ್ದಾಗ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಸ್ಥೆ ಅದು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಘಾನಾದ ಕುವಾಪಾ ಕೊಕೂ ಸಹಕಾರ ಸಂಘದ ರೈತರು ಷೇರುದಾರರಾಗಿರುವ ಡಿವೈನ್ ಚಾಕೊಲೇಟ್ ಬ್ರಿಟನ್ನಿನ ಅಂಗಡಿಗಳಿಗೆ ಬಂದದ್ದು 1998ರಲ್ಲಿ. ಪುತ್ತೂರಿನ ಕಾರ್ಖಾನೆಗೆ ಆಗಲೇ 12 ವರ್ಷ ತುಂಬಿತ್ತು. ನಾನು ನೋಡಿದ ವಿದ್ಯಾರ್ಥಿಗಳ ಪ್ರೆಸೆಂಟೇಷನ್‌ಗಳಲ್ಲಿ ಡಿವೈನ್ ಹೆಸರು ಬರುತ್ತದೆ, ಕ್ಯಾಂಪ್ಕೊ ಹೆಸರು ಬರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಮಾತು.

ತೋಟಕ್ಕೆ ಹೋದರೆ ಕಾಣುವುದೇ ಬೇರೆ. ಅಳಿಲು, ಇಲಿ ತಿಂದು ಉಳಿದ ಹಣ್ಣು ಕೃಷಿಕನ ಪಾಲು. ಮಾಗಿದ ಹಣ್ಣನ್ನು ಕತ್ತಿಯಿಂದ ಸೀಳುವುದಿಲ್ಲ, ಬೀಜಕ್ಕೆ ಗಾಯವಾಗುತ್ತದೆ. ಗಟ್ಟಿ ನೆಲಕ್ಕೋ ಕೊರಡಿಗೋ ಬಡಿದು ಒಡೆಯುತ್ತಾರೆ. ಒಳಗೆ ಬಿಳಿ ಲೋಳೆ ಹೊದ್ದ ಮೂವತ್ತು ನಲವತ್ತು ಬೀಜ. ಚೀಪಿದರೆ ಹುಳಿ ಬೆರೆತ ಸಿಹಿ, ಚಾಕೊಲೇಟಿನ ಸುಳಿವೂ ಇಲ್ಲ. ಮರದ ಪೆಟ್ಟಿಗೆಯಲ್ಲಿ ತುಂಬಿ ಐದಾರು ದಿನ ಹುದುಗಲು ಬಿಟ್ಟು, ನಡುನಡುವೆ ಮಗುಚಿದಾಗ ರಾಶಿ ಕೈಯಿಡಲಾಗದಷ್ಟು ಬಿಸಿಯೇರುತ್ತದೆ, ವಿನೆಗರ್‌ನ ಘಾಟು ಮೂಗಿಗೆ ಹೊಡೆಯುತ್ತದೆ. ಚಾಕೊಲೇಟಿನ ಪರಿಮಳಕ್ಕೆ ಬುನಾದಿ ಬೀಳುವುದು ಇಲ್ಲೇ. ಸರಿಯಾಗಿ ಹುದುಗದ ಬೀಜವನ್ನು ಎಂಥ ಪರಿಣತ ಹುರಿದರೂ ನಾಲಗೆಗೆ ಒಗರು. ಹಾಗಾಗಿ, ಈ ಐದಾರು ದಿನಗಳ ಕಾಳಜಿಗೆ ಬೆಳೆಗಾರನಿಗೆ ಹೆಚ್ಚು ಕೊಟ್ಟರೆ ತಿನ್ನುವವರಿಗೆ ಒಳ್ಳೆಯ ಚಾಕೊಲೇಟ್ ಸಿಗುತ್ತದೆ. ರುಚಿಯನ್ನೂ ನ್ಯಾಯವನ್ನೂ ಬೇರೆ ಬೇರೆ ಮಾತಾಡುವವರೊಂದಿಗೆ ನನಗೆ ತಕರಾರಿರುವುದು ಅದಕ್ಕೇ.

ವಿನ್ಯಾಸದಿಂದ ಏನಾದೀತು ಎನ್ನುವವರಿಗೆ ನೆದರ್ಲೆಂಡ್ಸ್‌ನ ಟೋನೀಸ್ ಚಾಕೊಲೋನ್ಲಿ ಕಂಪನಿಯನ್ನು ತೋರಿಸಬಹುದು. ಅದರ ಬಾರ್‌ನಲ್ಲಿ ತುಂಡುಗಳು ಒಂದೇ ಅಳತೆಯವಲ್ಲ. ಲಾಭದ ಹಂಚಿಕೆ ಎಷ್ಟು ಏರುಪೇರು ಎಂಬುದು ಮುರಿಯುವ ಕೈಗೇ ತಿಳಿಯುತ್ತದೆ. ಯೋಚನೆ ಅಚ್ಚಿನೊಳಗೇ ಇದೆ, ಘೋಷಣೆ ಬೇಕಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇನ್ನೂ ಸರಳ. ಪ್ರತಿ ಬಾರ್‌ನ ಹಿಂಬದಿಯಲ್ಲಿ ಬ್ಯಾಚ್ ನಂಬರು, ಎಂಆರ್‌ಪಿ ಒತ್ತಿರುತ್ತಾರೆ. ಅದರ ಪಕ್ಕದಲ್ಲೇ ಆ ಬ್ಯಾಚಿನ ಒಣ ಬೀಜಕ್ಕೆ ಕಿಲೋಗೆ ಬೆಳೆಗಾರನಿಗೆ ಎಷ್ಟು ಕೊಟ್ಟರು, ಯಾವ ಊರು, ಯಾವ ತಿಂಗಳು, ಎಷ್ಟು ದಿನ ಹುದುಗಿಸಿದರು ಎಂಬುದನ್ನೂ ಒತ್ತಲಿ. ದರ ಏರಿಳಿಯುತ್ತದೆ ಎಂದು ಹಿಂಜರಿಯಬೇಕಿಲ್ಲ, ಒತ್ತುವ ಯಂತ್ರಕ್ಕೆ ಅಂಕಿ ಬದಲಿಸುವುದು ನಿತ್ಯದ ಕೆಲಸ. 2024ರಲ್ಲಿ ಜಾಗತಿಕ ದರ ಟನ್ನಿಗೆ 10,000 ಡಾಲರ್ ದಾಟಿತ್ತು. ಆ ವರ್ಷ ಹೀಗೊಂದು ಸಾಲು ಹೊದಿಕೆಯ ಮೇಲಿದ್ದಿದ್ದರೆ ಏರಿದ ದರದಲ್ಲಿ ತೋಟದ ಪಾಲೆಷ್ಟು ಎಂದು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನಿನಲ್ಲಿ ಕೂತವರಿಗೂ ಗೊತ್ತಾಗುತ್ತಿತ್ತು.

ಇದನ್ನು ಮಾಡಿ ನೋಡಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಬೇಕೆ? ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಕ್ಯಾಂಪಸ್ ಇರುವುದು ತುಮಕೂರು ರಸ್ತೆಯಿಂದ ಒಳಗೆ, ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ. ಆಚೆಗೇ ಪೀಣ್ಯ ಕೈಗಾರಿಕಾ ಪ್ರದೇಶ. ಅಲ್ಲಿ ಮುದ್ರಣ, ಡೈ ಕಟಿಂಗ್ ಬಲ್ಲವರನ್ನು ಕೇಳಿದರೆ ಬರಿಯ ಕ್ರಾಫ್ಟ್ ಕಾಗದ ಯಾಕೆ ಸಾಲದೆಂದು ಹೇಳಿಯಾರು: ಕೊಕ್ಕೊ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಜಿಡ್ಡು ಕಾಗದಕ್ಕೆ ಇಳಿಯುತ್ತದೆ, ಒಳಗೊಂದು ಫಾಯಿಲ್ ಬೇಕೇ ಬೇಕು.

ಸ್ಕೆಚ್ ಶುರು ಮಾಡುವ ಮೊದಲು ಪುತ್ತೂರಿಗೆ ಹೋಗಿ ಬನ್ನಿ. ಯಶವಂತಪುರದಿಂದ ಕಬಕ ಪುತ್ತೂರಿಗೆ ರೈಲಿದೆ. ಅಲ್ಲಿಂದ ವಿಟ್ಲ ಹತ್ತಿರ, ಕೊಕ್ಕೊ ಸಂಶೋಧನೆ ನಡೆಸುವ ಸಿಪಿಸಿಆರ್‌ಐ ಕೇಂದ್ರ ಅಲ್ಲಿದೆ. ಏಪ್ರಿಲ್, ಮೇ ತಿಂಗಳು ಕೊಯ್ಲಿನ ಕಾಲ. ಮಳೆ ಹಿಡಿಯುವ ಮುಂಚೆ ಹೋದರೆ ಬಿಸಿಲಲ್ಲಿ ಬೀಜ ಒಣಗಿಸುವುದನ್ನೂ ನೋಡಬಹುದು.